ಉದ್ಘಾಟನೆಗೆ ಕಾದಿರುವ ಮೆಟ್ಟಿಲು

ಕಾಸರಗೋಡು ಜಿಲ್ಲೆಯ ವಿಮಾನ ನಿಲ್ದಾಣದಲ್ಲಿ ಇವತ್ತಿನವರೆಗೆ ಒಂದೇ ಒಂದು ಎಸ್ಕಲೇಟರ್ ಕೆಟ್ಟಿಲ್ಲ. ನಿಲ್ದಾಣವೇ ಇಲ್ಲವಲ್ಲ, ಮತ್ತೆ ಕೆಡುವುದು ಎಲ್ಲಿಂದ? ಪೆರಿಯದಲ್ಲಿ ಸಣ್ಣ ವಿಮಾನ ಇಳಿಯುವ ಜಾಗ ಆಗುತ್ತದೆ ಎಂಬ ಸುದ್ದಿ ಆಗಾಗ ಬಂದು ಹೋಗುತ್ತದೆ. ವಿಮಾನ ಬಂದಿಲ್ಲ. ಹಾಗಾಗಿ ನಮ್ಮವರು ಉತ್ತರಕ್ಕೆ ಮಂಗಳೂರಿಗೆ, ದಕ್ಷಿಣಕ್ಕೆ 2018ರಲ್ಲಿ ಶುರುವಾದ ಕಣ್ಣೂರಿಗೆ ಹೋಗುತ್ತಾರೆ. ಟಿಕೆಟ್ ಅಗ್ಗಕ್ಕೆ ಸಿಕ್ಕರೆ ಇನ್ನೂ ದೂರದ ದೊಡ್ಡ ನಿಲ್ದಾಣಕ್ಕೂ ಸೈ. ಈ ಕಥೆ ಅಂಥ ದೂರದ ಒಂದು ನಿಲ್ದಾಣದ್ದು. ಹೆಸರು ಬೇಡ.

ಅಲ್ಲಿ ಹಳೆ ಎಸ್ಕಲೇಟರ್‌ಗಳನ್ನು ಬದಲಿಸುತ್ತಿದ್ದಾರೆ. ಒಳ್ಳೆಯದೇ. ಒಂದು ಎಸ್ಕಲೇಟರಿನ ಆಯಸ್ಸು ಸುಮಾರು 20ರಿಂದ 25 ವರ್ಷ. ಅದೂ ಚೈನಿಗೆ ಎಣ್ಣೆ ಬಿಟ್ಟು, ಸವೆದ ರೋಲರ್ ಬದಲಿಸುತ್ತಾ ಇದ್ದರೆ. ಇಲ್ಲಿ ಆ ಕೆಲಸವನ್ನೆಲ್ಲ ಒಂದು ಹಳದಿ ತಡೆಗೆ ವಹಿಸಿದ್ದರು. ಕೆಟ್ಟ ದಿನ ಅದನ್ನು ಅಡ್ಡ ಇಟ್ಟರೆ ರಿಪೇರಿ ಮುಗಿಯಿತು. ಮುಂದೆ ಬಿಡಿಭಾಗ ತಯಾರಿಸುವುದನ್ನೇ ಕಂಪನಿ ನಿಲ್ಲಿಸಿತು. ಆಗ ಒಂದು ಎಸ್ಕಲೇಟರ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ನಮ್ಮ ಬದಿಯಡ್ಕ, ಮುಳ್ಳೇರಿಯ ಕಡೆ ಹಳೆ ಜೀಪುಗಳನ್ನು ಹೀಗೇ ಓಡಿಸುತ್ತಿದ್ದರು. ವ್ಯತ್ಯಾಸ ಇಷ್ಟೇ, ಜೀಪು ಓಡುತ್ತಿತ್ತು.

ಈಗ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ, 'ನಿಮ್ಮ ಅನುಕೂಲಕ್ಕಾಗಿ' ಎಂದು ಫಲಕ ಹಾಕಿದ್ದಾರೆ. ಕನ್ನಡದಲ್ಲಿ ಅಲ್ಲ ಬಿಡಿ. ಕಾಸರಗೋಡಿನ ಕನ್ನಡಿಗರಿಗೆ ಫಲಕದ ಬದಲು ಜನರ ಮುಖ ಓದಿ ವಿಷಯ ತಿಳಿಯುವ ಅಭ್ಯಾಸ ಇದೆ.

ಮಗಳ ಬಾಣಂತನಕ್ಕೆ ಶಾರ್ಜಾಕ್ಕೆ ಹೊರಟ ಕುಂಬಳೆ ಕಡೆಯ ಅಮ್ಮ ಒಬ್ಬರು, ಲೇಹ್ಯದ ಡಬ್ಬಿ ತುಂಬಿದ ಚೀಲ ಹಿಡಿದು ಕೆಳಗೆ ನಿಂತಿದ್ದರು. ಲಿಫ್ಟಿನ ಮುಂದೆ ಉದ್ದ ಸಾಲು. "ಇದು ಯಾವಾಗ ಓಡುವುದು ಮಗಾ?" ಎಂದು ಅಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗನನ್ನು ಕೇಳಿದರು. "ಇದು ಈಗ ಎಸ್ಕಲೇಟರ್ ಅಲ್ಲಮ್ಮಾ, ಪ್ರಾಜೆಕ್ಟ್" ಎಂದ ಅವನು.

ನಿಂತಿದ್ದರೆ ಏನಂತೆ, ಹತ್ತಿಕೊಂಡು ಹೋಗಿ ಅನ್ನುವವರು ಇದ್ದಾರೆ. ಎಸ್ಕಲೇಟರಿನ ಮೆಟ್ಟಿಲು ಸುಮಾರು 20 ಸೆಂಟಿಮೀಟರ್ ಎತ್ತರ. ಮನೆಯ ಮೆಟ್ಟಿಲಿಗಿಂತ ಜಾಸ್ತಿ. ಬುಡದಲ್ಲೂ ತುದಿಯಲ್ಲೂ ಎತ್ತರ ಬೇರೆ ಬೇರೆ. ಅದು ಚಲಿಸುತ್ತದೆ ಎಂದು ಕಾಲು ಮೊದಲೇ ಲೆಕ್ಕ ಹಾಕಿರುತ್ತದೆ. ಹಾಗಾಗಿ ನಿಂತದ್ದು ಕಣ್ಣಿಗೆ ಕಂಡರೂ ಮುಗ್ಗರಿಸುತ್ತೇವೆ.

ಒಂದು ಎಸ್ಕಲೇಟರ್ ಬದಲಿಸಲು ಇಷ್ಟೆಲ್ಲ ಒಡೆಯುವುದು ಯಾಕೆ? ಒಳಗಿನ ಕಬ್ಬಿಣದ ಚೌಕಟ್ಟು ಟನ್‌ಗಟ್ಟಲೆ ಭಾರ. ಕಟ್ಟಡ ಮೇಲೇಳುವಾಗಲೇ ಕ್ರೇನಿನಲ್ಲಿ ಇಳಿಸಿ ಕೂರಿಸಿರುತ್ತಾರೆ. ಈಗ ತೆಗೆಯಬೇಕಾದರೆ ಗೋಡೆ ಒಡೆಯಬೇಕು, ಇಲ್ಲವೇ ಅದನ್ನೇ ತುಂಡು ಮಾಡಬೇಕು. ಪ್ರಯಾಣಿಕರಿಗೆ ತೊಂದರೆ ಆಗಬಾರದೆಂದು ರಾತ್ರಿ ಕೆಲಸ ಮಾಡುತ್ತಾರಂತೆ. ಗಲ್ಫಿನ ಎಷ್ಟೋ ವಿಮಾನಗಳು ಹೊರಡುವುದೇ ರಾತ್ರಿ! ಚೌಕಟ್ಟು ಹಾಗೇ ಇಟ್ಟು ಮೋಟಾರ್, ಚೈನು, ಮೆಟ್ಟಿಲು ಮಾತ್ರ ಬದಲಿಸುವ ದಾರಿಯೂ ಇದೆ ಮಾರಾಯ್ರೆ. ಬೇರೆ ದೇಶಗಳಲ್ಲಿ ಮಾಡುತ್ತಾರೆ. ಆದರೆ ಹೊರಗಿನಿಂದ ಹಳೆಯದರ ಹಾಗೆಯೇ ಕಾಣುವ ವಸ್ತುವಿಗೆ ರಿಬ್ಬನ್ ಎಲ್ಲಿ ಕಟ್ಟುವುದು?

1896ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಇಂಥ ಯಂತ್ರ ಮೊದಲು ಓಡಿದ್ದು ಜನರ ಮೋಜಿಗೆ. 1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ ಚಲಿಸುವ ಮೆಟ್ಟಿಲು ಹತ್ತಿದವರಿಗೆ ಮೇಲೆ ಬ್ರಾಂಡಿ ಕೊಡುತ್ತಿದ್ದರಂತೆ, ಹೆದರಿಕೆ ಇಳಿಯಲಿ ಅಂತ. ಇಲ್ಲಿ ಮೆಟ್ಟಿಲು ಚಲಿಸುವುದಿಲ್ಲ, ನಾವೇ ಹತ್ತುತ್ತೇವೆ. ಬ್ರಾಂಡಿ ಬೇಡ, ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಇಡಬಹುದಿತ್ತು ಅಲ್ವಾ? ಮೇಲೆ ಸಿಗುವುದು ಚಹಾ. ಅದರ ದರ ನೋಡಿದರೆ ಮತ್ತೆ ಕೆಳಗಿಳಿಯುವ ಮನಸ್ಸಾಗುತ್ತದೆ.

ಮೊದಲನೆಯ ಹೊಸ ಎಸ್ಕಲೇಟರ್ ಈಗ ತಯಾರಾಗಿದೆ. ಪರೀಕ್ಷೆಯೂ ಮುಗಿದಿದೆ. ಮಂತ್ರಿಗಳ ದಿನಾಂಕ ಸಿಕ್ಕಿಲ್ಲ ಎಂದು ಪ್ಲಾಸ್ಟಿಕ್ ಹೊದಿಸಿ, ಅದೇ ಹಳದಿ ತಡೆಯನ್ನು ಅಡ್ಡ ಇಟ್ಟಿದ್ದಾರೆ. ಸದ್ಯಕ್ಕೆ ಅದರಲ್ಲಿ ಓಡುತ್ತಿರುವುದು ವಾರಂಟಿ ಮಾತ್ರ.