ನಳಕ್ಕೆ ಆಧಾರ್ ಇದೆ, ನೀರಿಗೆ ಇಲ್ಲ

ರಾಯಚೂರು ಜಿಲ್ಲೆಯ ನಕ್ಷೆಯನ್ನು ಮೊದಲ ಸಲ ನೋಡಿದ ಪರಊರಿನವರಿಗೆ ನಮ್ಮ ಮೇಲೆ ಸಣ್ಣದೊಂದು ಹೊಟ್ಟೆಕಿಚ್ಚು ಹುಟ್ಟುವುದು ಸಹಜ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡರ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕತ್ತಿ ಹಿರಿದರು. ಹಾಗೆ ಕಾದಾಡಿ ಗಳಿಸಿದ ನೆಲದಲ್ಲಿ ಇಂದು ಹೆಣ್ಣುಮಕ್ಕಳು ಕೊಡಕ್ಕಾಗಿ ಕಾದಾಡುತ್ತಿದ್ದಾರೆ ಎಂದರೆ, ಇತಿಹಾಸದ ಪರಂಪರೆಯನ್ನು ನಾವು ಕೈಬಿಟ್ಟಿಲ್ಲ ಎಂದು ಹೆಮ್ಮೆಪಡಬಹುದು.

ನೀರಿಲ್ಲ ಎಂದು ದೂರುವವರು ಮೊದಲು ಕಡತಗಳನ್ನು ನೋಡಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಮಂಗಳಕರ ಹೆಸರು ಹೊತ್ತು ಬಂದು, ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಶುದ್ಧ ನೀರನ್ನು ಮನೆಯ ನಳದಲ್ಲಿಯೇ ಕೊಡುವುದಾಗಿ ಮಾತು ಕೊಟ್ಟಿತು. 2024ಕ್ಕೆ ಮುಗಿಯಬೇಕಿದ್ದ ಈ ಕೆಲಸಕ್ಕೆ ಈಗ 2028ರವರೆಗೆ ಗಡುವು ವಿಸ್ತರಿಸಲಾಗಿದೆ. ಬಾಯಾರಿಕೆಯ ಗಡುವನ್ನೂ ಇದೇ ರೀತಿ ವಿಸ್ತರಿಸುವ ಆದೇಶವೊಂದು ಹೊರಬಿದ್ದರೆ ಎಲ್ಲರಿಗೂ ಅನುಕೂಲವಾದೀತು.

ಗಂಗೆ ಮನೆಗೆ ಬರಬೇಕಾದರೆ ಮೊದಲು ಓಣಿಯನ್ನು ಅಗೆಯಬೇಕು. ಸಿಮೆಂಟಿನ ರಸ್ತೆಯನ್ನು ನಡುವೆ ಸೀಳಿ, ಪೈಪು ಹೂತು, ಮೇಲೆ ಒಂದಿಷ್ಟು ಮಣ್ಣೆಳೆದು, ಪ್ರತಿ ಮನೆಯ ಮುಂದೆ ಮೊಣಕಾಲೆತ್ತರದ ಸಿಮೆಂಟ್ ಕಂಬ ನೆಟ್ಟು ಅದಕ್ಕೊಂದು ನಳ ಸಿಕ್ಕಿಸಿದಾಗ ಕಾಮಗಾರಿಯ ಬಿಲ್ಲು ಹುಟ್ಟುತ್ತದೆ. ಆ ಸಂಪರ್ಕಕ್ಕೆ ಮನೆಯ ಯಜಮಾನರ ಆಧಾರ್ ಸಂಖ್ಯೆಯನ್ನು ಜೋಡಿಸಲಾಗುತ್ತದೆ. ಹೀಗೆ ನಳಕ್ಕೆ ಗುರುತು, ವಿಳಾಸ, ವಾರಸುದಾರ ಎಲ್ಲವೂ ದೊರೆಯುತ್ತವೆ. ಇಷ್ಟೆಲ್ಲ ಅಂತಸ್ತು ಬಂದ ಮೇಲೂ ಅದರ ಬಾಯಿಂದ ನೀರೇ ಬೀಳಬೇಕೆಂದು ಹಟ ಹಿಡಿಯುವುದು ನಾಗರಿಕರಾದ ನಮಗೆ ಶೋಭಿಸುವುದಿಲ್ಲ.

ನಳದ ಹಿಂದಿನ ಕಥೆ ಇನ್ನೂ ಸೊಗಸಾಗಿದೆ. ಬಹಳಷ್ಟು ಹಳ್ಳಿಗಳಲ್ಲಿ ಹೊಸ ಪೈಪಿನ ಇನ್ನೊಂದು ತುದಿ ಸೇರುವುದು ಅದೇ ಹಳೆಯ ಕೊಳವೆಬಾವಿಗೆ, ಅಂದರೆ ಅದೇ ಸವಳು ನೀರಿಗೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಬಂಡೆಗಳು ಮಾನಕವನ್ನು ಓದಿಕೊಂಡಿಲ್ಲ. ನೀರು ಆಳಕ್ಕಿಳಿದಷ್ಟೂ, ಬಂಡೆಯೊಂದಿಗೆ ಹೆಚ್ಚು ಕಾಲ ಬೆರೆತಷ್ಟೂ, ಫ್ಲೋರೈಡ್ ಧಾರಾಳವಾಗಿ ಅದರಲ್ಲಿ ಕರಗುತ್ತದೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಳುರುಳಿದ ಮೇಲೆ ದೊಡ್ಡವರ ಸೊಂಟ, ಮಂಡಿಗಳು ಬಿಗಿಯುತ್ತವೆ.

ಇದಕ್ಕೆ ಪರಿಹಾರವನ್ನು ಊರ ಗುಮ್ಮಿಯ, ಅಂದರೆ ನೀರಿನ ತೊಟ್ಟಿಯ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಲಾಗಿದೆ: ನೀರನ್ನು ಕುದಿಸಿ, ಆರಿಸಿ ಕುಡಿಯಿರಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಅದು ನಿಜ. ಆದರೆ ಫ್ಲೋರೈಡ್ ಸಾಯಲು ಅದಕ್ಕೆ ಜೀವವಾದರೂ ಇರಬೇಕಲ್ಲ! ನೀರು ಆವಿಯಾಗಿ ಹೋದಂತೆ ಅದು ಪಾತ್ರೆಯಲ್ಲಿಯೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಹೀಗಾಗಿ ಗೋಡೆಬರಹವನ್ನು ಚಾಚೂ ತಪ್ಪದೆ ಪಾಲಿಸಿದ ತಾಯಿಯ ಮಕ್ಕಳಿಗೆ, ಕಟ್ಟಿಗೆ ಸಾಲದೆ ಹಸಿ ನೀರನ್ನೇ ಕೊಟ್ಟ ಪಕ್ಕದ ಮನೆಯವಳ ಮಕ್ಕಳಿಗಿಂತ ಒಂದು ಪಾಲು ಹೆಚ್ಚೇ ಫ್ಲೋರೈಡ್ ಲಭಿಸುತ್ತದೆ. ವಿಧೇಯತೆಗೆ ಸರ್ಕಾರ ಇಷ್ಟು ತಕ್ಷಣ ಪ್ರತಿಫಲ ಕೊಡುವ ಯೋಜನೆ ಇನ್ನೊಂದಿಲ್ಲ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಸುತ್ತಮುತ್ತ ಹೋದರೆ ನೆಲ ಇನ್ನೂ ಉದಾರಿ. ಅಲ್ಲಿ ಚಿನ್ನವೂ ಇದೆ, ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷವೂ ಇದೆ. ಚಿನ್ನ ಊರು ಬಿಟ್ಟು ಹೋಗುತ್ತದೆ, ಆರ್ಸೆನಿಕ್ ಊರವರನ್ನು ಬಿಟ್ಟು ಹೋಗುವುದಿಲ್ಲ.

ಇನ್ನು ಶುದ್ಧ ಕುಡಿಯುವ ನೀರಿನ ಘಟಕಗಳು. ಬೀಗ ಹಾಕಿರದ ಘಟಕ ಸಿಕ್ಕರೆ, 5 ರೂಪಾಯಿಯ ನಾಣ್ಯ ನುಂಗಿ 20 ಲೀಟರ್ ಕೊಡುತ್ತದೆ; ಕೆಲವೊಮ್ಮೆ ನಾಣ್ಯವನ್ನು ಮಾತ್ರ ನುಂಗುತ್ತದೆ. ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು ಎಂಬುದು ಉದ್ಘಾಟನೆಯ ಭಾಷಣದಲ್ಲಿ ಇರುವುದಿಲ್ಲ, ಕ್ರಿಯಾ ಯೋಜನೆಯಲ್ಲಂತೂ ಇರುವುದೇ ಇಲ್ಲ. ಘಟಕ ಸರಿಯಾಗಿ ನಡೆದರೂ ಒಂದು ಕೊಡ ಸಿಹಿ ನೀರಿಗೆ ಹಲವೆಡೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು, ಸೋಸಿ ತೆಗೆದ ಫ್ಲೋರೈಡನ್ನೆಲ್ಲ ಹೊತ್ತು ಪಕ್ಕದ ಚರಂಡಿಗೆ ಇಳಿಯುತ್ತದೆ. ಅದು ಅಲ್ಲಿಯೇ ಇಂಗಿ, ತವರಿಗೆ ಹೋಗಿಬಂದ ಸೊಸೆಯಂತೆ, ಅದೇ ಕೊಳವೆಬಾವಿಗೆ ಮರಳುತ್ತದೆ.

ಹಾಗಾದರೆ ನದಿಯ ನೀರನ್ನೇ ತರಬಾರದೇ ಎಂದು ಕೇಳಬಹುದು. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ಅದನ್ನು ಶುದ್ಧೀಕರಿಸಿ ಕೊಡುವ ಯೋಜನೆಗಳು ಇವೆ. ಆದರೆ ಮೇಲ್ಭಾಗದ ಭತ್ತದ ಗದ್ದೆಗಳ ದಾಹ ತೀರಿ ಉಳಿದದ್ದಷ್ಟೇ ಕೆಳಭಾಗದ ಕೆರೆಗೆ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಜನ ಸತ್ತರು. ಅದನ್ನು ನಗೆಯ ವಸ್ತುವಾಗಿಸಲು ನನ್ನ ಲೇಖನಿಗೂ ಮನಸ್ಸಿಲ್ಲ.

ಆದ್ದರಿಂದ ತಾಂಡಾವೊಂದರಲ್ಲಿ ನಡೆದ ಪರಿಶೀಲನೆಯ ವಿಚಾರಕ್ಕೆ ಬರುತ್ತೇನೆ. ಬೆಳಿಗ್ಗೆಯೇ ಟ್ಯಾಂಕರ್ ತರಿಸಿ ಮೇಲ್ತೊಟ್ಟಿಗೆ ನೀರು ಸುರಿಸಲಾಗಿತ್ತು. ಬಾಟಲಿ ನೀರಿನ ಪೆಟ್ಟಿಗೆಯೊಂದಿಗೆ ಬಂದ ಅಧಿಕಾರಿಗಳು ಮೊದಲ ಮನೆಯ ಮುಂದೆ ನಿಂತರೆ, ಅಲ್ಲಿ ನಳದ ಕಂಬಕ್ಕೆ ಆಡೊಂದನ್ನು ಕಟ್ಟಿಹಾಕಲಾಗಿತ್ತು.

“ಏನಮ್ಮಾ, ನಳಕ್ಕೆ ಆಡು ಕಟ್ಟಬಹುದಾ?” ಎಂದು ಸಾಹೇಬರು ಗದರಿದರು.

“ಎರಡು ವರ್ಷದಿಂದ ಖಾಲಿ ನಿಂತಿತ್ರಿ ಸಾಹೇಬ್ರ, ಆಡಿಗಾದ್ರೂ ಆಗಲಿ ಅಂತ ಕಟ್ಟೀವ್ರಿ” ಎಂದಳು ಆಯಿ.

ಆಡನ್ನು ಬಿಚ್ಚಿಸಲಾಯಿತು. ನಳ ತಿರುಗಿಸಿದಾಗ ಒಂದೆರಡು ಸಲ ಕೆಮ್ಮಿ, ಸ್ವಲ್ಪ ಗಾಳಿ, ಸ್ವಲ್ಪ ಕೆಂಪು ರಾಡಿ, ಆಮೇಲೆ ತಿಳಿನೀರು ಬಂದಿತು. ಆಯಿಯ ಕೈಗೆ ಕೊಡ ಕೊಟ್ಟು, ಮುಖದಲ್ಲಿ ನಗು ತರಿಸಿ, ಅಕ್ಷಾಂಶ ರೇಖಾಂಶಗಳ ಸಮೇತ ಛಾಯಾಚಿತ್ರ ತೆಗೆದು ಅಲ್ಲಿಂದಲೇ ಮೇಲಕ್ಕೆ ಕಳುಹಿಸಲಾಯಿತು. ಜೀಪು ತಾಂಡಾದ ತಿರುವು ದಾಟುವ ಹೊತ್ತಿಗೆ ತೊಟ್ಟಿ ಬರಿದಾಗಿತ್ತು. ಆಯಿ ಅರ್ಧ ತುಂಬಿದ ಕೊಡವನ್ನು ಒಳಗಿಟ್ಟು ಬಂದು, ಆಡನ್ನು ಹಿಡಿದೆಳೆದು ಮತ್ತೆ ಅದೇ ನಳಕ್ಕೆ ಕಟ್ಟಿದಳು.