ಮಾರ್ಗಸೂಚಿ ಬಿಡುಗಡೆಯಾಗಿದೆ, ಇನ್ನು ಪಾಲಿಸುವುದು ನಿಮ್ಮ ಹಣೆಬರಹ

ಯಾವ ರೋಗಕ್ಕೆ ಏನು ಚಿಕಿತ್ಸೆ ಎಂದು ವೈದ್ಯರಿಗೆ ಹೇಳುವ ಚಿಕಿತ್ಸಾ ಮಾರ್ಗಸೂಚಿ ಹುಟ್ಟುವುದು ರೋಗಿಗಾಗಿ ಎಂದು ನಂಬಿದವರು ಅದನ್ನು ಬರೆಯುವ ಸಮಿತಿಯ ಮೊದಲ ಸಭೆಯನ್ನು ನೋಡಿರುವುದಿಲ್ಲ. ಅಲ್ಲಿ ಮೊದಲು ತೀರ್ಮಾನವಾಗುವುದು ಮುಖಪುಟದಲ್ಲಿ ಯಾರ ಹೆಸರು ಮೇಲಿರಬೇಕು ಎಂಬುದು. ನರ್ಸ್, ಫಾರ್ಮಸಿಸ್ಟ್ ಮತ್ತು ರೋಗಿಗಳ ಪ್ರತಿನಿಧಿಯನ್ನು ಕರೆಯುವುದು ಕೊನೆಯ ಸಭೆಗೆ, ಫೋಟೋ ತೆಗೆಯುವ ದಿನ.

ಹಿತಾಸಕ್ತಿ ಸಂಘರ್ಷ (ಔಷಧ ಕಂಪನಿಯ ಹಣದ ನಂಟಿನಂಥದ್ದು) ಇರುವವರು ಸಮಿತಿಯಲ್ಲಿ ಅಲ್ಪಸಂಖ್ಯಾತರಾಗಿರಬೇಕು, ಅಧ್ಯಕ್ಷರಂತೂ ಆಗಕೂಡದು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲೇ ಹೇಳಿತ್ತು. ಸಮಿತಿಗಳು ಆ ಮಾತನ್ನು ಬಹಳ ಗೌರವದಿಂದ ಪೀಠಿಕೆಯಲ್ಲಿ ಸೇರಿಸಿಕೊಂಡಿವೆ.

ಇನ್ನು ಪುರಾವೆ. ಅದನ್ನು ಎಷ್ಟು ನಂಬಬಹುದು ಎಂದು ಅಳೆಯುವ ಗ್ರೇಡ್ ಪದ್ಧತಿಯಲ್ಲಿ ಅದಕ್ಕೆ ನಾಲ್ಕು ಮೆಟ್ಟಿಲು: ಉನ್ನತ, ಮಧ್ಯಮ, ಕಡಿಮೆ, ಅತಿ ಕಡಿಮೆ. ಕೊನೆಯ ಮೆಟ್ಟಿಲಿನಲ್ಲಿ ನಿಂತವರ ದನಿಯೇ ಜೋರು. ಅಮೆರಿಕದ ಹೃದ್ರೋಗ ಮಾರ್ಗಸೂಚಿಗಳನ್ನು 2009ರಲ್ಲಿ ಜಾಲಾಡಿದಾಗ ಶಿಫಾರಸುಗಳಲ್ಲಿ ಸುಮಾರು 11% ಮಾತ್ರ ಉನ್ನತ ದರ್ಜೆಯ ಪುರಾವೆಯ ಮೇಲೆ ನಿಂತಿದ್ದವು. ಅರ್ಧದಷ್ಟಕ್ಕೆ ತಜ್ಞರ ಅಭಿಪ್ರಾಯ, ಬಿಡಿ ಪ್ರಕರಣ, ರೂಢಿಗಳೇ ಆಧಾರ.

ಭಾಷೆಯಂತೂ ಕಲೆಯೇ ಸರಿ. 'ಸೂಕ್ತವೆನಿಸಿದರೆ ಪರಿಗಣಿಸಬಹುದು.' ಯಾರಿಗೆ? ಎಷ್ಟು ಡೋಸ್? ಎಷ್ಟು ದಿನ? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಬೇಕಿರುವುದು ಇಷ್ಟೇ: ಕಿಡ್ನಿ ಸೋತ ಈ ರೋಗಿಗೆ ಡೋಸ್ ಅರ್ಧ ಮಾಡಲೋ ಬೇಡವೋ. ಇನ್ನೂರು ಪುಟ ತಿರುವಿದರೆ ಸಿಗುವ ಉತ್ತರ: 'ತಜ್ಞರನ್ನು ಸಂಪರ್ಕಿಸಿ.'

ರೋಗಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಸಮಿತಿ. ಐದು ಕಾಯಿಲೆಗಳಿರುವ 79 ವರ್ಷದ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಂಡು, ಎಲ್ಲ ಮಾರ್ಗಸೂಚಿಗಳನ್ನೂ ಚಾಚೂ ತಪ್ಪದೆ ಅನ್ವಯಿಸಿದ ಅಧ್ಯಯನವೊಂದು 2005ರಲ್ಲಿ ಬಂತು. ಲೆಕ್ಕ ಹಾಕಿದರೆ 12 ಔಷಧಿ, ದಿನಕ್ಕೆ 19 ಡೋಸ್. ಅಜ್ಜಿ ಊಟಕ್ಕೆ ಬಿಡುವು ಮಾಡಿಕೊಳ್ಳುವುದು ಯಾವಾಗ ಎಂಬ ಬಗ್ಗೆ ಯಾವ ಸಮಿತಿಯೂ ಶಿಫಾರಸು ಮಾಡಿಲ್ಲ.

ಜಾರಿ ಎಂದರೆ ಒಂದು ಪಿಡಿಎಫ್, ಒಂದು ಪೋಸ್ಟರ್, ಅರ್ಧ ದಿನದ ತರಬೇತಿ. ಆಮೇಲೂ ಯಾರೂ ಪಾಲಿಸದಿದ್ದರೆ 'ಅರಿವಿನ ಕೊರತೆ' ಎಂಬ ರೋಗನಿರ್ಣಯ. ಅದಕ್ಕೆ ಮದ್ದು ಇನ್ನೊಂದು ಪೋಸ್ಟರ್. ಮಾರ್ಗಸೂಚಿ ಹೇಳುವ ಔಷಧಿ ವಾರ್ಡಿನ ಕಪಾಟಿನಲ್ಲಿ ಇದೆಯೇ, ಪೊಟ್ಯಾಶಿಯಂ ಪರೀಕ್ಷೆ ರಾತ್ರಿ ಆಗುತ್ತದೆಯೇ, ಪ್ರತಿ ಗಂಟೆಗೆ ಬಿಪಿ ನೋಡಿ ಎಂದರೆ ಮೂವತ್ತು ಹಾಸಿಗೆಗೆ ನರ್ಸ್ ಎಷ್ಟು ಮಂದಿ ಎಂದು ಮೊದಲೇ ಒಂದೆರಡು ವಾರ್ಡುಗಳಲ್ಲಿ ಪರೀಕ್ಷಿಸಿ ನೋಡಬಹುದಿತ್ತು. ಹಾಗೆ ಮಾಡಿದರೆ ಬಿಡುಗಡೆಯ ದಿನಾಂಕ ಮುಂದೆ ಹೋಗುತ್ತದಲ್ಲ! ಕಂಪ್ಯೂಟರಿನಲ್ಲಿ ಎಚ್ಚರಿಕೆ ಹಾಕಿಸಿದ್ದಾರೆ, ನಿಜ. ದಿನಕ್ಕೆ ನೂರು ಸಲ ಕಿರುಚುವ ಅದನ್ನು ಓದದೆಯೇ ಮುಚ್ಚುವುದರಲ್ಲಿ ಎಲ್ಲರೂ ಪಳಗಿದ್ದಾರೆ.

ಮಾರ್ಗಸೂಚಿ ಪಾಲನೆಯಾಗಿದೆಯೇ ಎಂದು ನೋಡುವ ಆಡಿಟ್ ಅಳೆಯುವುದು ಕೆಲಸವನ್ನಲ್ಲ, ಟಿಕ್ಕನ್ನು. 2008ರ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ, ಜೋರಾಗಿ ಓದಿ ಒಬ್ಬರಿಗೊಬ್ಬರು ಖಚಿತಪಡಿಸಿಕೊಳ್ಳಲೆಂದು. ರೋಗಿ ಟೇಬಲ್ಲಿಗೆ ಬರುವ ಮೊದಲೇ ಹತ್ತೊಂಬತ್ತೂ ಟಿಕ್ ಆಗಿದ್ದರೆ ಆಡಿಟ್ ವರದಿಯಲ್ಲಿ ಅದು ನೂರಕ್ಕೆ ನೂರು.

ಪರಿಷ್ಕೃತ ಆವೃತ್ತಿ ಬಂದಾಗ ಹಳೆಯದನ್ನು ಕಿತ್ತು ತೆಗೆಯುವ ಹೊಣೆ ಯಾರಿಗೂ ವಹಿಸಿರುವುದಿಲ್ಲ. ಹೀಗಾಗಿ ಒಂದೇ ಗೋಡೆಯ ಮೇಲೆ ಎರಡು ಪೋಸ್ಟರ್, ಎರಡು ಡೋಸ್. ಹೊಸದು ಜಾಗವಿಲ್ಲದೆ ಸೂರಿನ ಹತ್ತಿರ ಹೋಗಿದೆ. ಇಂಜೆಕ್ಷನ್ ತುಂಬುತ್ತಿರುವುದು ಕಣ್ಣಿನ ಎತ್ತರಕ್ಕಿರುವ ಪೋಸ್ಟರ್ ನೋಡಿಕೊಂಡು.