ಆಡ್ಸ್ ನೋಡ್ಕೊಂಡು ಚಾಂಪಿಯನ್ ಯಾರು ಅಂತ ಮೊದ್ಲೇ ತೀರ್ಮಾನ ಮಾಡ್ಬೇಡಿ

ನಮ್ಮ ಎಫ್‌1 (ಫಾರ್ಮುಲಾ ಒನ್ ಕಾರ್ ರೇಸ್) ವಾಟ್ಸಾಪ್ ಗ್ರೂಪಲ್ಲಿ ಪ್ರತಿ ಸೀಸನ್ನೂ ಇದೇ ಕಥೆ. ಯಾರೋ ಒಬ್ರು ಹೊರದೇಶದ ಬೆಟ್ಟಿಂಗ್ ಸೈಟಲ್ಲಿರೋ ಆಡ್ಸ್, ಅಂದ್ರೆ ಯಾರು ಗೆಲ್ತಾರೆ ಅನ್ನೋದರ ಮೇಲಿನ ಬೆಟ್ ರೇಟಿನ ಸ್ಕ್ರೀನ್‌ಶಾಟ್ ಹಾಕ್ತಾರೆ, ತಕ್ಷಣ ಇನ್ನೊಬ್ರು "ಮುಗೀತು ಬಿಡ್ರಪ್ಪಾ, ಇನ್ನೇನ್ ನೋಡೋದು" ಅಂತಾರೆ. 2025ರ ಆಗಸ್ಟ್ ಕೊನೇಲಿ ನೆದರ್ಲೆಂಡ್ಸ್ ರೇಸ್ ಮುಗಿದಾಗ್ಲೂ ಹಂಗೇ ಆಯ್ತು. ಮೆಕ್ಲಾರೆನ್ ಟೀಮಿನ ನಾರಿಸ್ ಕಾರು ಆಯಿಲ್ ಲೀಕ್ ಆಗಿ ನಿಂತೋಯ್ತು, ಪಾಯಿಂಟ್ಸಲ್ಲಿ ಅದೇ ಟೀಮಿನ ಪಿಯಾಸ್ಟ್ರಿ 309, ನಾರಿಸ್ 275, ರೆಡ್ ಬುಲ್ ಟೀಮಿನ ವರ್ಸ್ಟಾಪನ್ 205. ವರ್ಸ್ಟಾಪನ್ ಹೆಸರನ್ನ ಲೆಕ್ಕಕ್ಕೇ ತಗೊಳ್ಳೋದು ಬಿಟ್ಬಿಟ್ರು ಎಲ್ರೂ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಒಂದ್ ರೂಪಾಯಿನೂ ಬೆಟ್ ಕಟ್ಟೋನಲ್ಲ, ಅದೇ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳ ವಿರುದ್ಧ ಪಾರ್ಲಿಮೆಂಟು ಕಾನೂನೂ ಪಾಸ್ ಮಾಡಿದೆ, ದಯವಿಟ್ಟು ಯಾರೂ ಆ ಕಡೆ ಹೋಗ್ಬೇಡಿ. ನನಗೆ ಬೇಜಾರಾಗೋದು ಜನ ಆ ನಂಬರನ್ನ ಜ್ಯೋತಿಷ್ಯದ ಥರ ಓದೋದು ನೋಡಿ.

ಆಡ್ಸ್ ಅಂದ್ರೆ ರೇಟು ಅಷ್ಟೇ, ಒಂದ್ ರೂಪಾಯಿ ಕಟ್ಟಿ ಗೆದ್ರೆ ಎಷ್ಟು ವಾಪಸ್ ಬರುತ್ತೆ ಅನ್ನೋದು. ಸುಮ್ನೆ ಉದಾಹರಣೆಗೆ ಮೂರು ಜನ ಡ್ರೈವರ್‌ಗಳಿಗೆ 1.50, 3.50, 8.00 ಅಂತ ಇದೆ ಅನ್ಕೊಳ್ಳಿ. ನೂರನ್ನ ಒಂದೊಂದರಿಂದ ಭಾಗಿಸಿ, ಶೇಕಡಾ 66.7, 28.6, 12.5 ಬರುತ್ತೆ. ಕೂಡಿಸಿದ್ರೆ ಹತ್ರಹತ್ರ 108! ನೂರರ ಮೇಲಿರೋ ಆ 8 ಬುಕ್ಕಿ ಜೇಬಿಗೆ ಇಟ್ಕೊಂಡಿರೋ ಮಾರ್ಜಿನ್ನು. ಅದನ್ನ ತೆಗೆದ್ರೆ ಫೇವರಿಟ್‌ನ ಚಾನ್ಸ್ 67ರಿಂದ 62ಕ್ಕೆ ಇಳಿಯುತ್ತೆ, ಅಂದ್ರೆ ನೂರಕ್ಕೆ 38 ಸಲ ಅವನು ಸೋಲ್ತಾನೆ ಅಂತ ಆ ರೇಟೇ ಹೇಳ್ತಿದೆ, ನಮ್ ಜನಕ್ಕೆ ಅದು ಕಾಣಲ್ಲ. ಇನ್ನೊಂದು ವಿಷ್ಯ, ದುಡ್ಡು ಯಾವ ಕಡೆ ಜಾಸ್ತಿ ಬೀಳುತ್ತೋ ಆ ಕಡೆ ರೇಟ್ ಇಳಿಯುತ್ತೆ, ಆದ್ರಿಂದ ಫ್ಯಾನ್ಸ್ ಜಾಸ್ತಿ ಇರೋ ಡ್ರೈವರ್‌ಗೆ ಅವನ ನಿಜವಾದ ಚಾನ್ಸಿಗಿಂತ ಕಮ್ಮಿ ರೇಟ್ ಸಿಗೋದೂ ಉಂಟು.

ಈಗ ಆಗಸ್ಟಲ್ಲಿ ಪಿಯಾಸ್ಟ್ರಿಗೂ ವರ್ಸ್ಟಾಪನ್‌ಗೂ ಇದ್ದ ಆ 104 ಪಾಯಿಂಟ್ ಅಂತರ ನೋಡಿ. ಇನ್ನೂ 9 ರೇಸು, 3 ಸ್ಪ್ರಿಂಟ್ (ಚಿಕ್ಕ ರೇಸು) ಬಾಕಿ ಇತ್ತು, ಒಟ್ಟು 249 ಪಾಯಿಂಟ್ ಟೇಬಲ್ ಮೇಲೆ. 2007ರಲ್ಲಿ ಫೆರಾರಿ ಡ್ರೈವರ್ ರೈಕೊನೆನ್‌ಗೆ ಎರಡೇ ರೇಸ್ ಉಳಿದಿತ್ತು, ಸಿಗಬಹುದಾದ 20 ಪಾಯಿಂಟಲ್ಲಿ ಮೊದಲನೇ ಜಾಗದವನಿಗಿಂತ 17 ಹಿಂದೆ ಇದ್ದ, ಆದ್ರೂ ಮೂವರ ಪೈಪೋಟಿಯಲ್ಲಿ 110–109–109ರಲ್ಲಿ ಚಾಂಪಿಯನ್ ಆದ. ಅದರ ಮುಂದೆ ಇದೇನು ದೊಡ್ಡದು ಅಂತ ನಾನು ಗ್ರೂಪಲ್ಲಿ ಬರೆದೆ, ಯಾರೂ ಕಿವಿಗೇ ಹಾಕ್ಕೊಳ್ಲಿಲ್ಲ.

ಆಮೇಲೆ ಏನಾಯ್ತು ಗೊತ್ತಲ್ಲ. ಬಾಕು ರೇಸಲ್ಲಿ ಪಿಯಾಸ್ಟ್ರಿ ಮೊದಲನೇ ಲ್ಯಾಪಲ್ಲೇ ಗೋಡೆಗೆ ಹೊಡೆದ. ಲಾಸ್ ವೇಗಸ್‌ನಲ್ಲಿ ಕಾರಿನ ಅಡಿ ಹಲಗೆ ಸವೆದು 9 ಮಿಲಿಮೀಟರ್‌ಗಿಂತ ತೆಳ್ಳಗಾಗಿದೆ ಅಂತ ಎರಡೂ ಮೆಕ್ಲಾರೆನ್ ಡಿಸ್‌ಕ್ವಾಲಿಫೈ. ನಾರಿಸ್, ಪಿಯಾಸ್ಟ್ರಿ ಇಬ್ರೂ ಓಡಿಸೋದು ಒಂದೇ ಥರದ ಕಾರು, ಟೀಮ್ ಎಡವಿದ್ರೆ ಇಬ್ರೂ ಒಟ್ಟಿಗೇ ಬೀಳ್ತಾರೆ, ಇದನ್ನ ಬರೀ ಪಾಯಿಂಟ್ಸ್ ಟೇಬಲ್ ನೋಡೋರು ಮರೀತಾರೆ.

ಕತಾರ್ ರೇಸಂತೂ ನಾನು ಮರೆಯಲ್ಲ. 57 ಲ್ಯಾಪಿನ ರೇಸು, ಒಂದು ಸೆಟ್ ಟೈರಲ್ಲಿ 25 ಲ್ಯಾಪಿಗಿಂತ ಜಾಸ್ತಿ ಓಡ್ಸಂಗಿಲ್ಲ ಅಂತ ರೂಲ್. 7ನೇ ಲ್ಯಾಪಲ್ಲಿ ಸೇಫ್ಟಿ ಕಾರ್ ಬಂತು, ಅದರ ಹಿಂದೆ ಎಲ್ರೂ ನಿಧಾನಕ್ಕೆ ಓಡಿಸ್ಬೇಕು, ಆದ್ರಿಂದ ಆಗ ಟೈರ್ ಬದಲಿಸಿದ್ರೆ ನಷ್ಟ ಕಮ್ಮಿ. 57ರಲ್ಲಿ 7 ಕಳೆದ್ರೆ 50, ಸರಿಯಾಗಿ ಎರಡು ಸೆಟ್ಟು! ಸಾಲಾಗಿ ಹೆಚ್ಚುಕಮ್ಮಿ ಎಲ್ಲಾ ಕಾರುಗಳು ಟೈರ್ ಬದಲಿಸೋಕೆ ಪಿಟ್ ಒಳಗೆ ಹೋಗ್ತಿವೆ, ಮೆಕ್ಲಾರೆನ್ ಎರಡೂ ಹೊರಗೇ ಉಳ್ಕೊಂಡ್ವು. ಕೈಲಿದ್ದ ಕಾಫಿ ಕೆಳಗಿಟ್ಟು ಎದ್ದು ನಿಂತ್ಬಿಟ್ಟೆ. ಆ ರೇಸ್ ಶುರುವಾಗೋ ಮುಂಚಿನ ಯಾವ ಆಡ್ಸಲ್ಲಿ ಈ ತಪ್ಪು ಇತ್ತು ಹೇಳಿ? ವರ್ಸ್ಟಾಪನ್ ಗೆದ್ದ, ಅಷ್ಟೊತ್ತಿಗೆ ಮೊದಲನೇ ಜಾಗದಲ್ಲಿದ್ದ ನಾರಿಸ್‌ಗೂ ಅವನಿಗೂ ಅಂತರ 12ಕ್ಕೆ ಬಂತು.

ಹಂಗಂತ ಆಡ್ಸ್ ಸುಳ್ಳು ಅಂತ ನಾನು ಹೇಳ್ತಿಲ್ಲ. ನೂರಕ್ಕೆ ನಾಲ್ಕು ಸಲ ಆಗೋ ವಿಷ್ಯ ಒಂದ್ಸಲ ಆದ್ರೆ ರೇಟ್ ಹಾಕಿದವನು ದಡ್ಡ ಅಂತಲ್ಲ, ಆ ನಾಲ್ಕನ್ನ ಸೊನ್ನೆ ಅಂತ ಓದಿದ್ದು ನಮ್ ತಪ್ಪು. ಕೊನೆಗೆ ಅಬುಧಾಬಿಯಲ್ಲಿ ನಾರಿಸ್ ಮೂರನೇ ಜಾಗ ಉಳಿಸ್ಕೊಂಡು 423, ವರ್ಸ್ಟಾಪನ್ 421.

ಎರಡೇ ಎರಡು ಪಾಯಿಂಟು. ಆಗಸ್ಟಲ್ಲಿ ಎಲ್ರೂ ವರ್ಸ್ಟಾಪನ್‌ನ ಬಿಟ್ಟಾಕಿದ್ರಲ್ಲ, ಅದರ ಮುಂದಿನ ವಾರವೇ ಮೋಂಜಾ ರೇಸಲ್ಲಿ, ನಾರಿಸ್‌ನ ಪಿಟ್ ಸ್ಟಾಪ್ ಲೇಟಾಯ್ತು ಅಂತ ಮೆಕ್ಲಾರೆನ್ ಪಿಯಾಸ್ಟ್ರಿಗೆ ಎರಡನೇ ಜಾಗ ವಾಪಸ್ ಬಿಟ್ಕೊಡು ಅಂದಿತ್ತು, ಅವನು ಬಿಟ್ಕೊಟ್ಟ. ಅದು ಅವರಿಬ್ರ ನಡುವಿನ ವಿಷ್ಯ ಅಂತಾನೇ ಎಲ್ರೂ ಅವತ್ತು ಜಗಳ ಆಡಿದ್ದು. ನಾರಿಸ್‌ಗೆ ಅದ್ರಿಂದ ಸಿಕ್ಕಿದ್ದು 3 ಪಾಯಿಂಟ್.